ಹಳೆಯ ಕಾರಿನ ಜೀರ್ಣೋದ್ಧಾರ



ದೇವಸ್ಥಾನದ ಜೀರ್ಣೋದ್ಧಾರ ಹೇಗೆ ನಡೆಯುತ್ತದೆಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಮಾಡು ಸೋರತೊಡಗಿದಾಗ ಊರ ಹತ್ತು ಸಮಸ್ತರು ಸೇರುತ್ತಾರೆ. ಒಬ್ಬರು ಮರ ಕೊಡುತ್ತಾರೆ, ಇನ್ನೊಬ್ಬರು ಹಂಚು ಕೊಡುತ್ತಾರೆ, ಕೊಡಲು ಏನೂ ಇಲ್ಲದವರು ನಾಲ್ಕು ದಿನ ಬಂದು ಮೈಮುರಿದು ದುಡಿಯುತ್ತಾರೆ. ಇಂದು ನಾನು ತಮ್ಮ ಮುಂದಿಡಬೇಕೆಂದಿರುವುದು ಇನ್ನೊಂದು ಬಗೆಯ ಜೀರ್ಣೋದ್ಧಾರದ ವಿಚಾರ. ಅದು ಹಳೆಯ ಕಾರಿನದು. ಇಷ್ಟು ದೊಡ್ಡ ಮಾತನ್ನು ಕಾರಿಗೆ ಬಳಸುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಎರಡು ಕಡೆಯೂ ನಡೆಯುವ ಕೆಲಸ ಒಂದೇ ಬಗೆಯದು. ಹಿಂದಿನವರು ಕಟ್ಟಿದ್ದನ್ನು ಅದರ ರೂಪ ಕೆಡದಂತೆ ಮುಂದಿನವರ ಕೈಗೆ ದಾಟಿಸುವುದು. ಮತ್ತು ಎರಡೂ ಒಬ್ಬರ ಕೈಯಿಂದ ಆಗುವ ಕೆಲಸಗಳಲ್ಲ.

ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಮಟಾದಿಂದ ಶಿರಸಿಗೆ ಹೋಗುವಾಗ, ದೇವಿಮನೆ ಘಟ್ಟ ಹತ್ತುವ ಮೊದಲು ಸಿಗುವ ಊರು ನಮ್ಮ ಕತಗಾಲ. ಘಟ್ಟದ ಮೇಲಿನ ಹತ್ತಿ ಎತ್ತಿನ ಗಾಡಿಗಳಲ್ಲಿ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಮುಂಬಯಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಪೇಟೆಗಳಲ್ಲಿ ಧಾರವಾಡ ಸೀಮೆಯ ಹತ್ತಿಗೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತ್ತು. ಗಾಡಿಯ ಹಿಂದೆ ಮೋಟಾರು ಬಂತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ವರೆಗೆ ನಮ್ಮ ಜಿಲ್ಲೆ ಮುಂಬಯಿಗೆ ಸೇರಿತ್ತು. ಆ ಮುಂಬಯಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿ 1928ರಿಂದಲೇ ಕಾರುಗಳನ್ನು ಜೋಡಿಸುತ್ತಿತ್ತು. ಸೇತುವೆಗಳಿಲ್ಲದ ನದಿಗಳನ್ನು ಮೋಟಾರುಗಳು ಜಂಗಲ್ ಮೇಲೆ ದಾಟಬೇಕಿತ್ತು. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಆ ಜಂಗಲ್ ನೋಡಿದ ಹಿರಿಯರು ನಮ್ಮ ಕರಾವಳಿಯಲ್ಲಿ ಇನ್ನೂ ಇದ್ದಾರೆ.

ಆ ದಾರಿಯಲ್ಲಿ ಬಂದ ವಾಹನಗಳು ಇಂದು ಕಣ್ಣಿಗೆ ಬೀಳುವುದು ಅಪರೂಪ. ಅದಕ್ಕೆ ನಮ್ಮ ಹವೆಯೂ ಒಂದು ಕಾರಣ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಚಂಡಿಕಾ ಹೊಳೆ ಉಕ್ಕಿದರೆ ಕತಗಾಲದ ಬಳಿ ರಸ್ತೆಯ ಮೇಲೆಯೇ ನೀರು ಹರಿಯುತ್ತದೆ. ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ, ಈ ಮೂರು ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಸಮುದ್ರದ ಗಾಳಿಯಲ್ಲಿರುವ ಉಪ್ಪು ಆ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವಂತೆ ಮಾಡುವುದರಿಂದ ತುಕ್ಕಿನ ವೇಗ ಇನ್ನಷ್ಟು ಹೆಚ್ಚುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಎರಡು ತಗಡುಗಳ ಬೆಸುಗೆಯ ಸಂದಿನಲ್ಲಿ ಅದು ಹೊಕ್ಕರೆ ತಗಡು ಪದರ ಪದರವಾಗಿ ಉಬ್ಬಿ ಒಡೆಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಡಿಕೆ ತೋಟದ ಮನೆಯೊಂದರ ಕೊಟ್ಟಿಗೆಯ ಪಕ್ಕ, ಸೋಗೆಯ ಮಾಡಿನ ಕೆಳಗೆ, ಅಜ್ಜನ ಕಾಲದ ಲ್ಯಾಂಡ್‌ಮಾಸ್ಟರ್ ಕಾರೊಂದು ಮೂವತ್ತು ವರ್ಷಗಳಿಂದ ನಿಂತಿದೆ ಎಂದಿಟ್ಟುಕೊಳ್ಳಿ. ಟಯರುಗಳು ಮಣ್ಣಿನಲ್ಲಿ ಇಳಿದಿವೆ. ಸೀಟಿನೊಳಗೆ ಇಲಿ ಮರಿ ಹಾಕಿದೆ. ವಯರುಗಳ ಮೇಲಿನ ಬಟ್ಟೆಯನ್ನು ಇಲಿಯೇ ತಿಂದಿದೆ. ಬಾಗಿಲ ಕೆಳಗಿನ ತಗಡಿಗೆ ಬೆರಳು ಒತ್ತಿದರೆ ಬೆರಳು ಒಳಗೆ ಹೋಗುತ್ತದೆ. ಮೊಮ್ಮಗನಿಗೆ ಅದನ್ನು ಮತ್ತೆ ರಸ್ತೆಗೆ ತರಬೇಕೆಂಬ ಆಸೆ. ಗುಜರಿಯವರು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾರೆ. ಇಂಥ ಮನೆಗಳು ನಮ್ಮ ನಾಡಿನಲ್ಲಿ ಇನ್ನೂ ಕೆಲವಿವೆ. ಆ ಮನೆಯವರಿಗೆ ನಾವು ಏನು ಹೇಳಬೇಕು?

ಮೊದಲು ಆ ಕಾರು ಯಾವುದೆಂದು ತಿಳಿಯೋಣ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ 1950ರ ದಶಕದ ಮಧ್ಯಭಾಗದಲ್ಲಿ ತಯಾರಿಸಿದ ಕಾರು ಲ್ಯಾಂಡ್‌ಮಾಸ್ಟರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎರಡನೆಯ ಸರಣಿ ಅದರ ಮೂಲ. ಅದೇ ಆಕ್ಸ್‌ಫರ್ಡಿನ ಮೂರನೆಯ ಸರಣಿಯಿಂದ ಹುಟ್ಟಿದ್ದು ನಮಗೆಲ್ಲ ಪರಿಚಿತವಾದ ಅಂಬಾಸಡರ್. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಎರಡೂ ಒಂದೇ ಮನೆತನದವಾದ್ದರಿಂದ ಬಾಡಿಯ ಎಷ್ಟೋ ಭಾಗಗಳು ಹೊಂದುತ್ತವೆ. ಇದು ನಮ್ಮ ಮೊಮ್ಮಗನ ಅದೃಷ್ಟ. 1930ಕ್ಕಿಂತ ಹಿಂದಿನ ಕಾರಾಗಿದ್ದರೆ ಕೆಲಸ ಇನ್ನೂ ಕಠಿಣ. ಆ ಕಾಲದ ಅನೇಕ ಕಾರುಗಳಲ್ಲಿ ಕಬ್ಬಿಣದ ಚಾಸಿಯ ಮೇಲೆ ಮರದ ಚೌಕಟ್ಟು, ಅದರ ಮೇಲೆ ತಗಡು. ಮರವನ್ನು ಒರಲೆ ತಿಂದಿದ್ದರೆ ತಗಡಿಗೆ ಆಧಾರವೇ ಇಲ್ಲ.

ಇಂಗ್ಲೆಂಡಿನಲ್ಲಿ 1934ರಲ್ಲಿ ಸ್ಥಾಪನೆಯಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದ ಕಾರು ಮಾತ್ರ ವಿಂಟೇಜ್. ನಮ್ಮ ದೇಶದ ಕಾನೂನಿನ ಲೆಕ್ಕ ಬೇರೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಹಳೆಯ ನೋಂದಣಿ ಇರುವವರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಮೂಲರೂಪವನ್ನೇ ಬದಲಿಸುವಂಥ ಮಾರ್ಪಾಡು ಆಗಿರಬಾರದು. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿ ಮುಂತಾದವುಗಳಿಗೆ ಬಿಟ್ಟು ದಿನಬಳಕೆಗೂ ಬಾಡಿಗೆಗೂ ಅದನ್ನು ಓಡಿಸುವಂತಿಲ್ಲ. ಆದ್ದರಿಂದ ಅಜ್ಜನ ಪೆಟ್ಟಿಗೆಯಲ್ಲಿರುವ ಹಳೆಯ ನೋಂದಣಿ ಪುಸ್ತಕ ಹುಡುಕುವುದು ಸ್ಪ್ಯಾನರ್ ಹಿಡಿಯುವುದಕ್ಕಿಂತ ಮೊದಲಿನ ಕೆಲಸ.

ಇಷ್ಟು ಹಾಳಾದದ್ದನ್ನು ಮತ್ತೆ ಎಬ್ಬಿಸಲು ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ. ವೇಲ್ಸ್ ದೇಶದ ಪೆಂಡೈನ್ ಸಮುದ್ರತೀರದ ಒಂದು ಘಟನೆಯನ್ನು ಇಲ್ಲಿ ನೆನೆಯಬಹುದು. ಪ್ಯಾರಿ-ಥಾಮಸ್ ಎಂಬ ಎಂಜಿನಿಯರು 27 ಲೀಟರ್ ಸಾಮರ್ಥ್ಯದ ವಿಮಾನದ ಎಂಜಿನ್ ಅಳವಡಿಸಿದ್ದ ‘ಬ್ಯಾಬ್ಸ್’ ಎಂಬ ಕಾರಿನಲ್ಲಿ 1926ರಲ್ಲಿ ಗಂಟೆಗೆ ಸುಮಾರು 275 ಕಿಲೋಮೀಟರ್ ವೇಗದ ವಿಶ್ವದಾಖಲೆ ಮಾಡಿದರು. 1927ರ ಮಾರ್ಚ್ 3ರಂದು ಅದೇ ಮರಳಿನ ಮೇಲೆ, ಅದೇ ಕಾರಿನಲ್ಲಿ ಅವರು ಅಪಘಾತಕ್ಕೀಡಾಗಿ ಮೃತರಾದರು. ದುಃಖದಲ್ಲಿದ್ದ ಜನ ಕಾರನ್ನು ಅಲ್ಲಿಯೇ ಮರಳದಿಬ್ಬದಲ್ಲಿ ಹೂತುಬಿಟ್ಟರು. ನಾಲ್ವತ್ತೆರಡು ವರ್ಷಗಳ ನಂತರ, 1969ರಲ್ಲಿ, ಓವೆನ್ ವಿನ್ ಓವೆನ್ ಎಂಬ ಎಂಜಿನಿಯರಿಂಗ್ ಅಧ್ಯಾಪಕರು ಅದನ್ನು ಅಗೆಸಿ ತೆಗೆಸಿದರು. ಉಪ್ಪು ಮರಳು ತಗಡನ್ನೆಲ್ಲ ತಿಂದಿತ್ತು. ಅವರು ಇತರರ ನೆರವು ಪಡೆದು ವರ್ಷಗಟ್ಟಲೆ ದುಡಿದರು. ಬ್ಯಾಬ್ಸ್ ಮತ್ತೆ ಗುಡುಗಿತು. ಸಮುದ್ರದ ಉಪ್ಪನ್ನು ನಾಲ್ಕು ದಶಕ ಉಂಡ ಕಾರು ಎದ್ದು ನಿಂತಿತೆಂದ ಮೇಲೆ ಸೋಗೆಯ ಮಾಡಿನ ಕೆಳಗಿನ ಕಾರಿನ ಬಗ್ಗೆ ಪೂರ್ತಿ ಆಸೆ ಬಿಡಬೇಕಾಗಿಲ್ಲ.

ಹಾಗೆಂದು ಎಲ್ಲವನ್ನೂ ಹೊಸದಾಗಿಸುವುದೇ ಸರಿಯೆಂದಲ್ಲ. ಇಟಲಿ ಮತ್ತು ಸ್ವಿಟ್ಜರ್ಲೆಂಡಿನ ನಡುವಣ ಮಜೋರೆ ಸರೋವರದ ತಳದಲ್ಲಿ ಏಳು ದಶಕಗಳಿಗೂ ಹೆಚ್ಚು ಕಾಲ ಬಿದ್ದಿದ್ದ 1925ರ ಬುಗಾಟಿ ಕಾರೊಂದನ್ನು ಸ್ಥಳೀಯ ಮುಳುಗುಗಾರರು 2009ರಲ್ಲಿ ಮೇಲೆತ್ತಿದರು. 2010ರ ಹರಾಜಿನಲ್ಲಿ ಅದಕ್ಕೆ 2,60,500 ಯೂರೋ ಬಂತು. ಕೊಂಡವರು ಅದನ್ನು ದುರಸ್ತಿ ಮಾಡಿಸಲಿಲ್ಲ. ತುಕ್ಕು ಹಿಡಿದ ರೂಪದಲ್ಲಿಯೇ ಅಮೆರಿಕದ ತಮ್ಮ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ಆ ಸಂಗ್ರಹಾಲಯ 2024ರಲ್ಲಿ ಮುಚ್ಚಿತು, ಆದರೆ ಅವರ ನಿರ್ಧಾರ ಒಂದು ಪಾಠವಾಗಿ ಉಳಿದಿದೆ. ಎಷ್ಟು ಉಳಿಸಬೇಕು, ಎಷ್ಟು ಬದಲಿಸಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ನಮ್ಮ ಲ್ಯಾಂಡ್‌ಮಾಸ್ಟರ್ ರಸ್ತೆಯ ಮೇಲೆ ಓಡಬೇಕಾದರೆ ಭಾರ ಹೊರುವ ತಗಡು ಗಟ್ಟಿಯಾಗಲೇಬೇಕು. ಆದರೆ ಅಜ್ಜನ ಕೈ ಸವೆಸಿದ ಸ್ಟೇರಿಂಗ್ ಚಕ್ರಕ್ಕೆ ಹೊಸ ಹೊಳಪು ಕೊಡುವ ಅಗತ್ಯವೇನೂ ಇಲ್ಲ.

ಈಗ ಕೆಲಸಕ್ಕೆ ಬರೋಣ. ಹುಮ್ಮಸ್ಸಿನಲ್ಲಿ ಹೊಸ ಬ್ಯಾಟರಿ ತಂದು ಸ್ಟಾರ್ಟ್ ಮಾಡಲು ಹೋಗಬಾರದು. ಜೀಪಿಗೆ ಕಟ್ಟಿ ಎಳೆಯಬಾರದು. ಸಿಲಿಂಡರಿನ ಗೋಡೆಗೆ ರಿಂಗುಗಳು ತುಕ್ಕಿನಿಂದ ಅಂಟಿರುತ್ತವೆ, ಬಲವಂತ ಮಾಡಿದರೆ ಪಿಸ್ಟನ್ ಒಡೆಯುತ್ತದೆ. ಪ್ಲಗ್ಗುಗಳನ್ನು ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಒಳಗೆ ಎರೆದು, ದಿನಗಟ್ಟಲೆ ಬಿಡಬೇಕು. ಆಮೇಲೆ ಹ್ಯಾಂಡಲ್ ಹಾಕಿ ಹಿಂದೆ ಮುಂದೆ ನವಿರಾಗಿ ಅಲುಗಿಸಬೇಕು. ಅದು ಒಂದು ಕೂದಲೆಳೆ ಅಲುಗಿದರೂ ಆ ದಿನದ ಮಟ್ಟಿಗೆ ಸಾಕು. ಈ ತಾಳ್ಮೆಯನ್ನು ಪುಸ್ತಕ ಕಲಿಸುವುದಿಲ್ಲ. ಇಂಥ ಹತ್ತು ಎಂಜಿನ್ ಬಿಡಿಸಿದ ಹಿರಿಯ ಮೇಸ್ತ್ರಿಯೊಬ್ಬರು ಪಕ್ಕದಲ್ಲಿ ನಿಂತು “ಇನ್ನೆರಡು ದಿನ ಬಿಡೋ ತಮ್ಮಾ” ಎಂದು ಹೇಳಬೇಕು.

ಬಿಚ್ಚುವ ಮೊದಲು ಪ್ರತಿಯೊಂದು ಭಾಗದ ಫೋಟೋ ತೆಗೆಯಬೇಕು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಬೇಕು. ಇದು ಸಣ್ಣ ಮಾತಲ್ಲ. ಜೀರ್ಣೋದ್ಧಾರಕ್ಕೆಂದು ಬಿಚ್ಚಿದ ಕಾರುಗಳಲ್ಲಿ ಎಷ್ಟೋ ಮತ್ತೆ ಜೋಡಣೆಯಾಗುವುದೇ ಇಲ್ಲ. ವರ್ಷ ಎರಡು ಕಳೆಯುವುದರಲ್ಲಿ ಯಾವ ಬೋಲ್ಟು ಎಲ್ಲಿಯದೆಂಬುದು ಮರೆತಿರುತ್ತದೆ, ಬಿಚ್ಚಿದ ಹುಡುಗ ಕೆಲಸ ಬಿಟ್ಟು ಹೋಗಿರುತ್ತಾನೆ, ಕಾರು ಗುಜರಿಗೆ ಹೋಗುತ್ತದೆ. ತುಕ್ಕಿಗಿಂತ ಹೆಚ್ಚು ಕಾರುಗಳನ್ನು ಅರ್ಧಕ್ಕೆ ನಿಂತ ಉತ್ಸಾಹವೇ ಕೊಂದಿರಬಹುದು.

ಲ್ಯಾಂಡ್‌ಮಾಸ್ಟರಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಅದರ ಅಸ್ಥಿಪಂಜರ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತೊಲೆ ಭಾರ ಹೊರುತ್ತದೆ. ಅದು ತುಕ್ಕು ತಿಂದಿದೆಯೆಂದು ಕತ್ತರಿಸಿದರೆ ಇಡೀ ಕಾರು ಮಧ್ಯದಲ್ಲಿ ಜಗ್ಗುತ್ತದೆ, ಆಮೇಲೆ ಬಾಗಿಲು ಎಂದೆಂದಿಗೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡಿಂಗ್ ಮಾಡಿ ಬಿಗಿಯಬೇಕು, ಕಾರನ್ನು ಸಮತಟ್ಟಾದ ನೆಲದ ಮೇಲೆ ಆಧಾರ ಕೊಟ್ಟು ನಿಲ್ಲಿಸಬೇಕು. ಸರಿಯಾದ ಅಳತೆ ಯಾವುದು? ತುಕ್ಕು ತಿಂದ ಕಾರು ಅದನ್ನು ಹೇಳುವುದಿಲ್ಲ. ಅದೇ ಕಾರನ್ನು ಚೆನ್ನಾಗಿ ಇಟ್ಟುಕೊಂಡ ಇನ್ನೊಬ್ಬರ ಅಂಗಳದಲ್ಲಿ ಟೇಪು ಹಿಡಿದು ಅಳೆದು ತರಬೇಕು. ಹವ್ಯಾಸಿಗಳ ಸ್ನೇಹದ ಅವಶ್ಯಕತೆ ಮೊದಲು ಕಾಣುವುದು ಇಲ್ಲಿ. ನಿಮಗೆ ಪರಿಚಯವೇ ಇಲ್ಲದ ಒಬ್ಬರು ತಮ್ಮ ಕಾರಿನ ಕೆಳಗೆ ಮಲಗಲು ನಿಮಗೆ ಬಿಡಬೇಕು.

ಬಿಡಿಭಾಗಗಳ ಮಾತೂ ಹಾಗೆಯೇ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ಮುಂಬಯಿಯ ಕುರ್ಲಾ, ಇವುಗಳಲ್ಲಿ ಅಲೆದರೆ ಕೆಲವು ಸಿಗುತ್ತವೆ. ಬಾಗಿಲಿನಂಥವನ್ನು ಹಳೆಯ ಅಂಬಾಸಡರಿನಿಂದ ತರಬಹುದು. ಆದರೆ ಲ್ಯಾಂಡ್‌ಮಾಸ್ಟರಿನ 1,476 ಸಿ.ಸಿ. ಸೈಡ್‌ವಾಲ್ವ್ ಎಂಜಿನ್ನಿನ ಸಾಮಾನು, ಮುಂದಿನ ಜಾಲರಿ, ಹೆಸರಿನ ಫಲಕ, ಇವು ಅಂಗಡಿಯಲ್ಲಿ ಸಿಗುವಂಥವಲ್ಲ. ಯಾರದೋ ಅಟ್ಟದ ಮೇಲೆ, ಯಾರದೋ ಗ್ಯಾರೇಜಿನ ಮೂಲೆಯಲ್ಲಿ ಇರುತ್ತವೆ. ಅವರಿಗೆ ಅದರ ಉಪಯೋಗವಿಲ್ಲ, ನಿಮಗೆ ಅದಿಲ್ಲದೆ ಮುಂದಕ್ಕೆ ಹೋಗುವಂತಿಲ್ಲ. ಇವೆರಡನ್ನೂ ಸೇರಿಸುವುದು ಬಾಯಿಂದ ಬಾಯಿಗೆ ಹೋಗುವ ಸುದ್ದಿ. ಕೆಲವೊಮ್ಮೆ ಭಾಗವನ್ನೇ ಕೊಡಬೇಕಾಗಿಲ್ಲ, ಒಂದು ವಾರದ ಮಟ್ಟಿಗೆ ಎರವಲು ಕೊಟ್ಟರೂ ಸಾಕು. ಅದನ್ನು ಮಾದರಿಯಾಗಿಟ್ಟುಕೊಂಡು ಲೇತಿನವರು ಹೊಸದನ್ನು ಮಾಡಿಕೊಡುತ್ತಾರೆ.

ಪ್ರಾಣಕ್ಕೆ ಸಂಬಂಧಿಸಿದ ನಾಲ್ಕು ಮಾತುಗಳನ್ನು ಹೇಳಲೇಬೇಕು. ಹಳೆಯ ಪೆಟ್ರೋಲ್ ಟ್ಯಾಂಕನ್ನು ಬರಿದಾಗಿದೆಯೆಂದು ವೆಲ್ಡಿಂಗ್ ಮಾಡಬಾರದು. ಒಳಗಿನ ಆವಿ ಸಿಡಿಯುತ್ತದೆ. ಅದನ್ನು ಬಲ್ಲವರಿಂದಲೇ ಶುದ್ಧಿ ಮಾಡಿಸಬೇಕು. ಬ್ರೇಕಿನ ರಬ್ಬರು ಮತ್ತು ಹೋಸುಗಳನ್ನು, ನೋಡಲು ಚೆನ್ನಾಗಿದ್ದರೂ, ಪೂರ್ತಿ ಬದಲಿಸಬೇಕು. ಟಯರಿನಲ್ಲಿ ಗುಂಡಿ ಎಷ್ಟೇ ಆಳವಿದ್ದರೂ ವಯಸ್ಸಾದ ರಬ್ಬರು ಓಟದಲ್ಲಿ ಸೀಳುತ್ತದೆ. ದೇವಿಮನೆಯಂಥ ಘಟ್ಟ ಇಳಿಯುವಾಗ ಇದನ್ನು ಪರೀಕ್ಷಿಸುವುದು ಬೇಡ. ಇನ್ನು ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿ ಬಾಡಿಗೆ ಸೇರಿರುತ್ತಿತ್ತು, ಈಗಿನ ಕಾರುಗಳಲ್ಲಿ ಋಣ ತುದಿ. ಇದನ್ನು ತಿಳಿಯದೆ ಜೋಡಿಸಿದರೆ ವಿದ್ಯುತ್ ಸಾಮಾನು ಕೆಟ್ಟು ಹೋಗಬಹುದು.

ಇಂಧನವೂ ಆಗಿನದಲ್ಲ. ಭಾರತದಲ್ಲಿ 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲು ಪೂರ್ತಿ ನಿಂತಿತು. ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳಿಗೆ ಆ ಸೀಸವೇ ರಕ್ಷಣೆಯಾಗಿತ್ತು. ಹೆಡ್ಡು, ಬ್ಲಾಕು ಬಿಚ್ಚಿದಾಗಲೇ ಗಟ್ಟಿ ಲೋಹದ ಸೀಟು ಕೂರಿಸಿದರೆ ಒಳ್ಳೆಯದು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರ ವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ, ಹಳೆಯ ಬಗೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಹಾಗಾಗಿ ಪೆಟ್ರೋಲ್ ಪೈಪು, ಪಂಪಿನ ಪೊರೆ ಮುಂತಾದವನ್ನು ಎಥನಾಲ್ ತಡೆಯುವ ರಬ್ಬರಿನಲ್ಲಿ ಮಾಡಿಸಬೇಕು, ಮಳೆಗಾಲದಲ್ಲಿ ಕಾರು ನಿಲ್ಲಿಸುವ ಮೊದಲು ಟ್ಯಾಂಕು ಖಾಲಿ ಮಾಡಬೇಕು.

ವೀಕ್ಷಕರೇ, ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ಇಂದು ನಿಮ್ಮ ಗದ್ದೆಯ ನಾಟಿಗೆ ನಾನು ಬಂದರೆ, ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಅಲ್ಲಿ ಕೂಲಿಯ ಲೆಕ್ಕವಿಲ್ಲ, ಆದರೆ ಆಳಿನ ಲೆಕ್ಕವಿದೆ. ಹಳೆಯ ಕಾರಿನ ಕೆಲಸ ನಡೆಯುವುದು ಈ ಮುಯ್ಯಾಳಿನ ಬಲದಿಂದ. ಎರವಲು ತಂದದ್ದನ್ನು ಹೇಳಿದ ದಿನಕ್ಕೆ ಹಿಂದಿರುಗಿಸಬೇಕು. ಕಷ್ಟಪಟ್ಟು ಹುಡುಕಿದ ಅಳತೆ, ನಕ್ಷೆ, ಕೈಪಿಡಿಯ ಪ್ರತಿಯನ್ನು ಮುಂದಿನವರಿಗೆ ಕೊಡಬೇಕು. ತನಗೆ ಬೇಡದ ಭಾಗವನ್ನು ಬಚ್ಚಿಡಬಾರದು. ಎದ್ದು ನಿಲ್ಲಬಲ್ಲ ಒಂದು ಕಾರನ್ನು ತನ್ನ ಕಾರಿನ ಸಲುವಾಗಿ ಕಿತ್ತು ಹಾಕಬಾರದು. ಬಡ ಮನೆಯವರ ಅಂಗಳದಲ್ಲಿ ಬಿದ್ದ ಕಾರಿನ ನಿಜವಾದ ಬೆಲೆ ಮರೆಮಾಚಿ ಕೊಳ್ಳಬಾರದು. ಈ ಐದನ್ನು ಪಾಲಿಸುವವರಿಗೆ ಕಷ್ಟ ಬಂದಾಗ ಹತ್ತು ಕೈಗಳು ಬರುತ್ತವೆ.

ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಮತ್ತು ಕ್ಲಾಸಿಕ್ ಕಾರ್ ಕ್ಲಬ್ ಇದೆ. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು 1964ರಲ್ಲಿಯೇ ಹಳೆಯ ಕಾರುಗಳ ರ್‍ಯಾಲಿ ಆರಂಭಿಸಿದರು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಮತ್ತು ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿ ನಾಡಿನ ಜನ ಹಳೆಯ ಕಾರುಗಳನ್ನು ಕಣ್ಣಾರೆ ನೋಡಬಹುದು. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಒಳ್ಳೆಯದು. ಆದರೆ ಅರಮನೆಯ ಕಾರುಗಳು ಮಾತ್ರವೇ ಉಳಿದರೆ ಸಾಲದು. ಅಡಿಕೆ ಮಾರಿ ಬಂದ ಹಣದಲ್ಲಿ ಕೊಂಡ, ಊರಿನ ಬಾಣಂತಿಯನ್ನು ಆಸ್ಪತ್ರೆಗೂ ಮದುಮಗನನ್ನು ಚಪ್ಪರಕ್ಕೂ ಒಯ್ದ ಸಾಧಾರಣ ಕಾರುಗಳು ಕೂಡ ನಮ್ಮ ಚರಿತ್ರೆಯೇ.

ಇದೆಲ್ಲಕ್ಕೂ ಹಣ ಬೇಕು ನಿಜ. ಕಾರಿನ ಮಾರುಕಟ್ಟೆಯ ಬೆಲೆಗಿಂತ ದುರಸ್ತಿಯ ಖರ್ಚು ಹೆಚ್ಚಾಗುವುದು ಅಪರೂಪವೇನೂ ಅಲ್ಲ. ಲಾಭಕ್ಕಾಗಿ ಈ ಕೆಲಸಕ್ಕೆ ಇಳಿಯಬೇಡಿ ಎಂದೇ ನಾನು ಹೇಳುತ್ತೇನೆ. ಆದರೆ ಹಣ ಇದ್ದೂ ಆಗದ ಕಾಲವೊಂದು ಹತ್ತಿರವಾಗುತ್ತಿದೆ. ಸುತ್ತಿಗೆ ಮತ್ತು ಮರದ ದಿಮ್ಮಿಯ ಮೇಲೆ ತಗಡನ್ನು ಬಡಿದು ಮಡ್‌ಗಾರ್ಡ್ ರೂಪಿಸುವ ಟಿಂಕರ್, ಕಾರ್ಬೊರೇಟರಿನ ಸದ್ದು ಕೇಳಿಯೇ ದೋಷ ಹೇಳುವ ಮೇಸ್ತ್ರಿ, ಕಾರಿನ ಬಾಗಿಲಿಗೆ ಮರದ ಚೌಕಟ್ಟು ಹೊಂದಿಸುವ ಆಚಾರಿ, ಕೈಯಿಂದಲೇ ಸೀಟು ಹೊಲಿಯುವ ಕುಶನ್ ಕೆಲಸದವರು, ಇವರಲ್ಲಿ ಹೆಚ್ಚಿನವರು ಈಗ ವೃದ್ಧರು. ಈಗಿನ ಗ್ಯಾರೇಜುಗಳಲ್ಲಿ ಭಾಗ ಬದಲಿಸುತ್ತಾರೆ, ಭಾಗ ಮಾಡುವುದಿಲ್ಲ. ತುಕ್ಕು ತಿಂದ ತಗಡನ್ನು ಹೊಸದಾಗಿ ಮಾಡಬಹುದು. ಮೇಸ್ತ್ರಿಯೊಂದಿಗೆ ಹೋದ ವಿದ್ಯೆಯನ್ನು ಮಾಡಲಾಗದು. ಕಾರಿಗೆ ಇನ್ನೂ ಹತ್ತು ವರ್ಷ ಕಾಯುವ ಶಕ್ತಿ ಇರಬಹುದು, ಅದನ್ನು ಬಲ್ಲವರಿಗೆ ಇಲ್ಲ.

ಆದ್ದರಿಂದ ಮನೆಯಲ್ಲಿ ಇಂಥ ಕಾರು ಇರುವವರಿಗೆ ನನ್ನದೊಂದು ವಿನಂತಿ. ಇಂದೇ ಕೆಲಸ ಪ್ರಾರಂಭಿಸಬೇಕೆಂದಿಲ್ಲ. ಮಳೆಯ ನೀರು ತಾಗದಂತೆ ಮಾಡು ಸರಿಪಡಿಸಿ, ಚಕ್ರಗಳನ್ನು ಮಣ್ಣಿನಿಂದ ಎತ್ತಿ ಹಲಗೆಯ ಮೇಲೆ ನಿಲ್ಲಿಸಿ, ಕಾಗದಪತ್ರಗಳನ್ನು ಒಂದು ಕಡೆ ಇಡಿ. ಗುಜರಿಯವರಿಗೆ ಮಾತು ಕೊಡುವ ಮೊದಲು ಒಬ್ಬ ಹವ್ಯಾಸಿಗೆ ತೋರಿಸಿ. ನಿಮ್ಮಿಂದ ಆಗದಿದ್ದರೆ, ಮಾಡುವವರಿಗೆ ಕೊಡಿ. ತರುಣರು ಭಾನುವಾರವೊಂದನ್ನು ಹತ್ತಿರದ ಹಿರಿಯ ಮೇಸ್ತ್ರಿಯ ಜೊತೆ ಕಳೆಯಲಿ. ಅವರ ಕೈ ಕೆಲಸ ಮಾಡುವಾಗ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಲಿ, ಅದಕ್ಕಿಂತ ಮುಖ್ಯವಾಗಿ, ಅವರ ಸುತ್ತಿಗೆಯನ್ನು ತಾವೂ ಒಮ್ಮೆ ಹಿಡಿದು ನೋಡಲಿ. ವಿದ್ಯೆ ಕಣ್ಣಿನಿಂದ ಅರ್ಧ ಬರುತ್ತದೆ, ಉಳಿದರ್ಧ ಕೈಯಿಂದಲೇ ಬರಬೇಕು.